ನೋವು ಸಾಲದ ಕತೆ

ಕಾರಿನಿಂದ ಇಳಿಯುವಾಗ ಸಿನಿಮಾ ನಿರ್ದೇಶಕರ ಪ್ಯಾಂಟು ಹಿಂಭಾಗದಲ್ಲಿ ಪರ್ರನೆ ಹರಿಯದೆ ಇದ್ದಿದ್ದರೆ ಕತ್ತರಿಗೆ ಈ ಗ್ರಹಚಾರ ಒಕ್ಕರಿಸುತ್ತಲೇ ಇರಲಿಲ್ಲ.

ಕತ್ತರಿ ಎಂಬವಳು ಪೇಟೆಯ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಗೂಡಂಗಡಿಯಲ್ಲಿ ಬಟ್ಟೆ ಹೊಲಿಯುವವಳು. ಹೆತ್ತವರು ಇಟ್ಟ ಗಂಡುಹೆಸರನ್ನು ಅವರ ಮನೆಯಲ್ಲೇ ಬಿಟ್ಟು ಬಂದು, ಹೆಣ್ಣಾಗಿ ಬಾಳತೊಡಗಿ ಎಷ್ಟೋ ವರ್ಷವಾಗಿತ್ತು. ಹಾಗೆಯೇ ಮನೆಬಿಟ್ಟು ಬಂದ ಇನ್ನೊಬ್ಬಳು ಅವಳ ಗೆಳತಿ ಮೈಕು. ಬಸ್ ನಿಲ್ದಾಣದಲ್ಲಿ ನಿಂತು ಬಸ್ಸು ಹೋಗುವ ಊರುಗಳನ್ನು ಕೂಗುವುದು ಅವಳ ಕೆಲಸ. ನಿಲ್ದಾಣದ ಧ್ವನಿವರ್ಧಕ ಕೆಟ್ಟು ಕೂತಿದ್ದು ಇವಳ ಗಂಟಲಿನ ದೆಸೆಯಿಂದ ಯಾರಿಗೂ ಗೊತ್ತೇ ಆಗಿರಲಿಲ್ಲ. ಇಬ್ಬರೂ ಮಹಡಿ ಮೇಲಿನ ಒಂದೇ ರೂಮಿನಲ್ಲಿದ್ದರು. ಬಾಡಿಗೆ ಬಾಕಿ ಬೆಳೆದಿತ್ತು. "ಸಂಜೆಯೊಳಗೆ ದುಡ್ಡು ಬರ್ಲಿಲ್ಲ ಅಂದ್ರೆ ಬೀಗ ಜಡೀತೀನಿ" ಎಂದು ಮನೆ ಓನರು ಅಂದು ಬೆಳಿಗ್ಗೆಯಷ್ಟೇ ಬೀದಿಗೆಲ್ಲ ಕೇಳುವಂತೆ ಸಾರಿದ್ದ.

ಹರಿದ ಪ್ಯಾಂಟನ್ನು ಕತ್ತರಿಯ ಕೈಗೆ ಕೊಟ್ಟ ನಿರ್ದೇಶಕರು, ಯಾರೋ ಹೊಲಿಯಲು ಕೊಟ್ಟು ಮರೆತ ಹೂವಿನ ಪರದೆಯನ್ನು ಸೊಂಟಕ್ಕೆ ಸುತ್ತಿಕೊಂಡು ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದರು. ಕಪ್ಪು ಕನ್ನಡಕ ಮಾತ್ರ ತೆಗೆದಿರಲಿಲ್ಲ. ಮಾನ ಹೋದರೂ ಗತ್ತು ಹೋಗಬಾರದಲ್ಲ!

"ನಿಮ್ಮನ್ನ ದೇವರೇ ತೋರಿಸಿದ ನೋಡಿ. ಇಬ್ಬರು ಟ್ರಾನ್ಸ್ ಗೆಳತಿಯರು, ಕೈಯಲ್ಲಿ ಕಾಸಿಲ್ಲ. ಇಷ್ಟೇ ಹೊಳೆದಿದೆ. ಮುಂದಿನ ಕತೆ ನೀವು ಕೊಡಿ. ಇವತ್ತೇ ನನ್ನ ಆಫೀಸಿಗೆ ಬಂದು ಹೇಳಿ, ಒಪ್ಪಿಗೆ ಆದ್ರೆ ಅಲ್ಲೇ ದುಡ್ಡು."

"ನಮಗೆ ಕಾಸಿಲ್ಲ ಅನ್ನೋದು ನಿಮಗೆ ಹೇಗೆ ಹೊಳೀತು ಸಾರ್?"

"ಕಲಾವಿದನಿಗೆ ಎಲ್ಲಾ ಗೊತ್ತಾಗುತ್ತೆ" ಎಂದು ನಿರ್ದೇಶಕರು ಪ್ಯಾಂಟು ಏರಿಸಿಕೊಂಡು, ಹೊಲಿಗೆಯ ಕೂಲಿ ಕೊಡುವುದನ್ನು ಮರೆತು ಹೊರಟೇಹೋದರು.

ಮಧ್ಯಾಹ್ನ ರೂಮಿನಲ್ಲಿ ಕತೆ ಕಟ್ಟುವ ಕೆಲಸ ಶುರುವಾಯಿತು. ಮೈಕು ಅದನ್ನು ಗುಟ್ಟಾಗಿಯೇ ಚರ್ಚಿಸಿದಳು. ಹಾಗಾಗಿ ಕೆಳಮನೆಯ ನಿವೃತ್ತ ಮೇಷ್ಟ್ರು ಮಾತ್ರ ಮೇಲೆ ಓಡಿಬಂದರು. ಇವರು ಯಾವ ಪತ್ರಿಕೆಗೂ ಬೇಡವಾದ ಸಾಹಿತಿ. ಅದಕ್ಕೇ ಇನ್ನೊಬ್ಬರ ಬರವಣಿಗೆ ತಿದ್ದುವುದರಲ್ಲಿ ಎತ್ತಿದ ಕೈ.

"ಎಲ್ಲಿ, ನಿಮ್ಮ ಕಷ್ಟ ಏನು ಹೇಳಿ" ಎಂದರು ಮೇಷ್ಟ್ರು, ಕಣ್ಣು ಮುಚ್ಚಿ.

"ಇವಳು ಕಂತಿನ ಮೇಲೆ ಫ್ರಿಜ್ ತಂದಳು" ಎಂದಳು ಕತ್ತರಿ. "ಕರೆಂಟ್ ಬಿಲ್ ನೋಡಿ ಆರಿಸಿದ್ವಿ. ಈಗ ಅದರೊಳಗೆ ಸೀರೆ ಮಡಚಿಡ್ತೀವಿ. ಬಾಡಿಗೆ ದುಡ್ಡೆಲ್ಲ ಕಂತಿಗೆ ಹೋಯ್ತು."

"ಛೆ ಛೆ! ಇದರಲ್ಲಿ ಕರುಣರಸ ಎಲ್ಲಮ್ಮಾ ಇದೆ? ಒಬ್ಬರು ಸಾಯ್ಲೇಬೇಕು."

"ಅಕ್ಕ ಸಾಯ್ಲಿ" ಎಂದಳು ಮೈಕು ತಡಮಾಡದೆ. "ನಾನು ಸತ್ರೆ ಕಂತು ಯಾರು ಕಟ್ಟೋದು?"

"ಈಗ ಯಾರೇ ಕಟ್ತಿರೋದು? ನಾನಲ್ವಾ!"

ಇಬ್ಬರೂ ಸಾಯಲೊಪ್ಪದೆ ಜಗಳವಾಡಿದರು. ಕೊನೆಗೆ ಮೇಷ್ಟ್ರು, ಫ್ರಿಜ್ ಬದಲು ಕ್ಷಯರೋಗ ಇರಲಿ ಎಂದು ತೀರ್ಪು ಕೊಟ್ಟು, ಹೆಸರು ಹಾಕುವಾಗ ತಮ್ಮದು ಮೇಲಿರಬೇಕೆಂದು ಎಚ್ಚರಿಸಿ ಇಳಿದುಹೋದರು.

ನಿರ್ದೇಶಕರ ಆಫೀಸಿನಲ್ಲಿ ಗೋಡೆ ತುಂಬ ಅವರ ಸಿನಿಮಾಗಳ ಹಸಿದ ಮುಖಗಳ ದೊಡ್ಡ ದೊಡ್ಡ ಪಟಗಳಿದ್ದವು. ಅವುಗಳ ಕೆಳಗೆ, ಆ ಹಸಿವಿನಿಂದಲೇ ಗಳಿಸಿದ ಚರ್ಮದ ಸೋಫಾ. ಕತ್ತರಿ ಕ್ಷಯರೋಗದ ಕತೆ ಹೇಳಲು ಹೊರಟಳು. ಸುಳ್ಳು ಹೇಳಿ ಅಭ್ಯಾಸವಿಲ್ಲದ ನಾಲಿಗೆ ನಡುದಾರಿಯಲ್ಲೇ ಹೊರಳಿ ಫ್ರಿಜ್ಜಿಗೆ ಬಂತು. ಸೀರೆ ಮಡಚಿಟ್ಟ ಭಾಗ ಬಂದಾಗ ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ನಿರ್ದೇಶಕರು ಮುಖ ಕಿವುಚಿದರು. "ಏನ್ರೀ ಇದು? ನೀವೇ ನಗ್ತಾ ಇದೀರಿ! ನೋವು ಸಾಲದು. ನಿಮ್ಮಂಥವರು ನಕ್ಕರೆ ಪ್ರಶಸ್ತಿ ಯಾರು ಕೊಡ್ತಾರೆ?"

"ಅಳೋಕೆ ಬೇರೆ ದರ ಸಾರ್" ಎಂದಳು ಮೈಕು. ಅದು ಹೊರಗಿನ ಕಾವಲುಗಾರನಿಗೂ ಕೇಳಿಸಿತು.

ನಿರ್ದೇಶಕರು ಎದ್ದೇಬಿಟ್ಟರು. ಕತ್ತರಿಗೆ ಓನರಿನ ಬೀಗ ಕಣ್ಣಮುಂದೆ ಬಂತು. ಹರಿದ ಬಟ್ಟೆಯನ್ನೂ ಹೊಗಳಿ ಹೊಗಳಿ ಗಿರಾಕಿಗೆ ಒಪ್ಪಿಸುವುದು ದರ್ಜಿಯ ಹುಟ್ಟುಗುಣ. ಅದೇ ಈಗ ನಾಲಿಗೆಯ ಮೇಲೆ ಕುಣಿಯಿತು.

"ಸಾರ್, ನಮ್ಮ ರೂಮು ನೀವು ನೋಡಿಲ್ಲ! ಗೋಡೆ ಹಸಿರು ಹೇಗೆ ಮಾಸಿದೆ ಅಂದ್ರೆ ಕಾಸು ಕೊಟ್ರೂ ಆ ಬಣ್ಣ ಸಿಗಲ್ಲ. ಸಂಜೆ ಬಿಸಿಲು ಒಳಗೆ ಬಂದ್ರೆ ಕಿತ್ತುಬಂದ ಸುಣ್ಣ ಎಲ್ಲ ಜರಿ ಕೆಲಸದ ಥರ ಮಿಂಚುತ್ತೆ. ಬಾಗಿಲಲ್ಲಿ ಓನರು ನಿಂತು ಬಯ್ಯೋದಂತೂ..."

ನಿರ್ದೇಶಕರು ಅಂದು ಮೊದಲ ಸಲ ಕನ್ನಡಕ ತೆಗೆದರು. "ಕಾರು ಹತ್ತಿ!"

ಕಾರು ಬಂದದ್ದೇ ತಡ, ಬೀದಿಯೆಲ್ಲ ಮೆಟ್ಟಿಲ ಮೇಲೆ ನೆರೆಯಿತು. ಮೇಷ್ಟ್ರು ಎಲ್ಲರಿಗೂ ಮುಂಚೆ ನಿರ್ದೇಶಕರಿಗೆ ತಮ್ಮ ಪರಿಚಯ ಹೇಳಿಕೊಂಡರು. ನಿರ್ದೇಶಕರು ಬೂಷ್ಟು ಹಿಡಿದ ಗೋಡೆಗೆ ಕೆನ್ನೆ ಒತ್ತಿ ನಿಂತರು. ಹೆತ್ತ ತಾಯಿ ಸಿಕ್ಕಿದ್ದರೂ ಹಾಗೆ ಅಪ್ಪಿಕೊಳ್ಳುತ್ತಿದ್ದರೋ ಇಲ್ಲವೋ. ಅಷ್ಟರಲ್ಲಿ ಓನರು ಬೀಗ ಹಿಡಿದು ಬಂದ.

"ಏನ್ರಮ್ಮಾ, ನಾಚಿಕೆ ಇಲ್ವಾ? ಬಾಡಿಗೆ ಎಲ್ಲಿ?"

"ಆಹಾ! ಸ್ವಲ್ಪ ಎಡಕ್ಕೆ ತಿರುಗಿ ಇನ್ನೊಮ್ಮೆ ಬಯ್ಯಿ" ಎಂದರು ನಿರ್ದೇಶಕರು.

ಓನರು ತಲೆ ಬಾಚಿಕೊಂಡು ಇನ್ನೊಮ್ಮೆ ಬಯ್ದ. ಮೂರನೆಯ ಸಲಕ್ಕೆ ಅವನ ಧ್ವನಿಯಲ್ಲಿ ಕಲೆ ತುಂಬಿ ತುಳುಕುತ್ತಿತ್ತು. ಆಮೇಲೆ ನಿರ್ದೇಶಕರು ಅವನ ಹೆಗಲ ಮೇಲೆ ಕೈಹಾಕಿ ಕೆಳಗೆ ಕರೆದೊಯ್ದರು.

"ನಮ್ಮ ಬಾಡಿಗೆ ಕಟ್ತಿದಾರೆ ಕಣೇ!" ಕತ್ತರಿ ಮೈಕುವಿನ ಕೈ ಹಿಡಿದಳು. ಅಂದು ಬೆಳಿಗ್ಗೆಯಿಂದ ಕಾಡಿದ್ದ ಹೆದರಿಕೆ ಇಳಿದು, ಅವಳಿಗೆ ಅಳುವೇ ಬಂತು.

ಓನರು ಹಲ್ಲುಕಿರಿಯುತ್ತ ಬಂದ. "ನಿಮ್ಮ ಬಾಕಿ ಎಲ್ಲ ಮನ್ನಾ ಮಾಡಿದೀನಮ್ಮಾ."

"ನೀವು ಚೆನ್ನಾಗಿರಿ ಅಣ್ಣಾ!"

"ರೂಮು ಈಗಲೇ ಖಾಲಿ ಮಾಡಿ. ಚಿತ್ರ ಮುಗಿಯೋವರೆಗೂ ಸಿನಿಮಾದವರು ತಗೊಂಡ್ರು. ನಿಮ್ಮ ಬಾಡಿಗೆಯ ನಾಲ್ಕರಷ್ಟು!"

ಮೈಕುವಿನ ಬಾಯಿಂದ, ಜೀವಮಾನದಲ್ಲೇ ಮೊದಲ ಬಾರಿಗೆ, ಸದ್ದೇ ಹೊರಡಲಿಲ್ಲ. ಕತ್ತರಿ ನಿರ್ದೇಶಕರತ್ತ ತಿರುಗಿದಳು. "ಸಾರ್, ನಮ್ಮ ಕತೆಗೆ ದುಡ್ಡು?"

"ಕತೆ ಎಲ್ಲಿತ್ತಮ್ಮಾ? ಅಂತ್ಯವೇ ಇರಲಿಲ್ಲ. ಅದು ನನಗೆ ಈಗ ತಾನೇ ಹೊಳೀತು." ನಿರ್ದೇಶಕರು ಫೋನು ಹೊರತೆಗೆದು ಕ್ಯಾಮೆರಾ ತೆರೆದರು. "ನಿಮ್ಮ ಪಾತ್ರಕ್ಕೆ ಇಬ್ಬರು ದೊಡ್ಡ ನಟರು ಒಪ್ಪಿದಾರೆ. ಗಂಡಸರು, ಪಾಪ, ಅವರಿಗೆ ನೋಡಿ ಕಲಿಯೋಕೆ ಏನಾದ್ರೂ ಬೇಕಲ್ಲ. ಆ ಫ್ರಿಜ್ಜು ಇಲ್ಲೇ ಇರಲಿ, ಸಹಜವಾಗಿ ಕಾಣುತ್ತೆ. ಗಂಟು ಎತ್ಕೊಂಡು ನಿಧಾನಕ್ಕೆ ಇಳೀರಿ, ನೋಡೋಣ."

ಹೊಲಿಗೆಬಟ್ಟೆಯ ಗಂಟು ಹೊತ್ತು ಕತ್ತರಿ, ಅವಳ ಹಿಂದೆ ಮೈಕು, ಬೀದಿಯವರ ನಡುವೆ ಒಂದೊಂದೇ ಮೆಟ್ಟಿಲು ಇಳಿದರು. ಕತ್ತರಿಯ ಕಣ್ಣಲ್ಲಿ ನೀರು ದಳದಳನೆ ಸುರಿಯುತ್ತಿತ್ತು. ಬೀದಿಗೆ ಕಾಲಿಟ್ಟದ್ದೇ ಮೇಲಿನಿಂದ ನಿರ್ದೇಶಕರು ಕೂಗಿದರು:

"ಕ್ಯಾಮೆರಾಕ್ಕೆ ಮೇಷ್ಟ್ರು ಅಡ್ಡ ಬಂದ್ಬಿಟ್ರು! ಮೇಲೆ ಬನ್ನಿ, ಇನ್ನೊಂದ್ಸಲ ಹೊರಗೆ ಹಾಕ್ತೀವಿ!"