ಚೆಕ್ಕುಬಂದಿ ತಿರುಗಿದ ದಿನ

ಕಡೂರಿನಲ್ಲಿ ಇಪ್ಪತ್ತೆಂಟು ವರ್ಷಗಳಿಂದ ನಾನು ಪತ್ರ ಬರೆಯುತ್ತಿದ್ದೇನೆ. ಪತ್ರ ಎಂದರೆ ಪ್ರೇಮಪತ್ರವಲ್ಲ. ಕ್ರಯಪತ್ರ, ದಾನಪತ್ರ, ಪಾಲುಪತ್ರ. ಮಾತು ಬಿಟ್ಟ ಅಣ್ಣತಮ್ಮಂದಿರನ್ನು ಒಂದೇ ಬೆಂಚಿನ ಮೇಲೆ ಕೂರಿಸಿ, ಜಗಳವಿಲ್ಲದೆ ಬೇರೆ ಮಾಡಿ ಕಳಿಸಿದ ಕೀರ್ತಿ ನನ್ನದು. ಇಷ್ಟೆಲ್ಲ ನಿಭಾಯಿಸಿದವನಿಗೆ ಒಂದು ಕಂಪ್ಯೂಟರ್ ಯಾವ ಲೆಕ್ಕ ಎಂದುಕೊಂಡಿದ್ದೆ.

ನನ್ನ ಎದುರು ಅಂಗಡಿ ರುದ್ರೇಶನದು. ಅಜ್ಜಂಪುರದವನು. ಮೂರು ವರ್ಷ ನನ್ನ ಕೈಕೆಳಗೇ ಕೆಲಸ ಕಲಿತು, ನನ್ನ ಮುಖಕ್ಕೇ ಬಾಗಿಲು ಬರುವಂತೆ ಅಂಗಡಿ ತೆರೆದ. ಅದನ್ನು ಸಹಿಸಿಕೊಂಡೆ. ಬೋರ್ಡಿನಲ್ಲಿ ನನ್ನ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಅವನ ಹೆಸರು ಬರೆಸಿದ. ಅದನ್ನೂ ಸಹಿಸಿಕೊಂಡೆ. ಆದರೆ ಅವನ ಕಂಪ್ಯೂಟರ್ ಪರದೆ ತಿರುಗಿತು ನೋಡಿ, ಅದನ್ನು ಮಾತ್ರ ಸಹಿಸಲು ಆಗಲಿಲ್ಲ.

ನಮ್ಮಿಬ್ಬರದೂ ಲಿನಕ್ಸ್ ಕಂಪ್ಯೂಟರ್. ವೈರಸ್ ಕಾಟವಿಲ್ಲ, ಹಳೆಯ ಯಂತ್ರದಲ್ಲೂ ಓಡುತ್ತದೆ ಎಂದು ಬೀರೂರಿನ ರಿಪೇರಿಯವನು ಇಬ್ಬರಿಗೂ ಅದನ್ನೇ ಹಾಕಿಕೊಟ್ಟಿದ್ದ. ನನ್ನದು ಸುಮ್ಮನೆ ಕೂತಿರುತ್ತಿತ್ತು. ರುದ್ರೇಶನದು ಗುಂಡಿ ಒತ್ತಿದರೆ ಇಡೀ ಪರದೆ ನಾಲ್ಕು ಮುಖದ ಪೆಟ್ಟಿಗೆಯಾಗಿ ಗಿರ್ರನೆ ತಿರುಗುತ್ತಿತ್ತು. ಪರದೆಯಲ್ಲಿ ತೆರೆದ ಕಿಟಕಿಯನ್ನು ಮೌಸಿನಲ್ಲಿ ಎಳೆದರೆ ಹಾಲುಬಾಯಿಯ ತುಂಡಿನ ಹಾಗೆ ತುಳುಕುತ್ತಿತ್ತು. ಮುಚ್ಚಿದರೆ ಬೆಂಕಿ ಹತ್ತಿ ಉರಿದು ಹೋಗುತ್ತಿತ್ತು. ನನ್ನ ಬೆಂಚಿನ ಮೇಲೆ ಕೂತ ಗಿರಾಕಿಗಳೂ ನನಗೆ ಬೆನ್ನು ತಿರುಗಿಸಿ ಅತ್ತಲೇ ನೋಡುತ್ತಿದ್ದರು. ನನ್ನ ಹೊಟ್ಟೆ ಉರಿಯಿತು. ಮುಚ್ಚಿಡುವುದೇನಿದೆ, ಚೆನ್ನಾಗಿಯೇ ಉರಿಯಿತು.

ಒಂದು ದಿನ ಆ ಅಂಗಡಿಯಲ್ಲಿ ಹಿರೇನಲ್ಲೂರಿನ ಸಿದ್ದಪ್ಪ ಕೂತಿರುವುದು ಕಂಡಿತು. ಅವರಪ್ಪನ ಪತ್ರಗಳನ್ನೆಲ್ಲ ಬರೆದದ್ದು ನಮ್ಮಪ್ಪ. ಮುಂದಿನ ಸೋಮವಾರ ಸಿದ್ದಪ್ಪನಿಗೂ ಅವನ ತಮ್ಮ ಕರಿಯಪ್ಪನಿಗೂ ನಾನು ಪಾಲುಪತ್ರ ಬರೆಯಬೇಕಿತ್ತು. ಮೂರು ವರ್ಷ ಹಗ್ಗಜಗ್ಗಾಟವಾಡಿ ಈಗಷ್ಟೇ ಒಪ್ಪಿದ್ದರು. ಈ ಮನೆ ಕೈತಪ್ಪಿದರೆ ಹಿಂದೆಯೇ ಇಡೀ ಹಿರೇನಲ್ಲೂರು ಕೈತಪ್ಪುತ್ತದೆ. ಹೊರಗೆ ಬಂದವನನ್ನು ಅಡ್ಡಗಟ್ಟಿ ವಿಚಾರಿಸಿದೆ.

"ಸುಮ್ಕೆ ಹೋಗಿದ್ದೆ ರೈಟ್ರೇ. ಅದೇನ್ ತಿರುಗ್ತೈತೆ ಅಂತೀರಾ," ಎಂದ ಸಿದ್ದಪ್ಪ.

ಆ ಕ್ಷಣವೇ ತೀರ್ಮಾನಿಸಿದೆ. ಸೋಮವಾರದೊಳಗೆ ನನ್ನದೂ ತಿರುಗಬೇಕು!

ಮನೆಯಲ್ಲಿ ನನ್ನ ಹೆಂಡತಿ ಗಿರಿಜೆಗೆ ವಿಷಯ ಮಂಡಿಸಿದೆ. ಪತ್ರ ಓದುವುದಕ್ಕೆ ಪರದೆ ಯಾಕೆ ತಿರುಗಬೇಕು ಎಂದು ಕೇಳಿದಳು. ಕಾಲದ ಜೊತೆ ಹೆಜ್ಜೆ ಹಾಕಬೇಕಾದ ಅಗತ್ಯದ ಬಗ್ಗೆ ಒಂದು ಸಣ್ಣ ಭಾಷಣ ಮಾಡಿದೆ. ಅವಳು ಸಾರಿಗೆ ಒಗ್ಗರಣೆ ಹಾಕುತ್ತಲೇ, "ಹಂಗಾದ್ರೆ ರುದ್ರೇಶನನ್ನೇ ಕೇಳಿ, ಹೇಳ್ಕೊಡ್ತಾನೆ," ಎಂದಳು.

ಗುರು ಹೋಗಿ ಶಿಷ್ಯನನ್ನು ಕೇಳುವುದೇ? ಕೇಳಲಿಲ್ಲ. ಅಧಃಪತನ ಅಲ್ಲಿಂದಲೇ ಶುರುವಾಯಿತು.

ಭಾನುವಾರ ಬೆಳಗ್ಗೆ ಗಿರಿಜೆಯನ್ನೂ ಕರೆದುಕೊಂಡು ಹೋಗಿ ಅಂಗಡಿ ತೆರೆದೆ. ಪರದೆ ತಿರುಗಿಸುವುದು ಹೇಗೆಂದು ಯಾರೋ ಪುಣ್ಯಾತ್ಮ ಬರೆದಿಟ್ಟ ಸಾಲುಗಳನ್ನು ಫೋನಿನಲ್ಲಿ ಅವಳು ಓದುವುದು, ನಾನು ಟೈಪ್ ಮಾಡುವುದು. ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು. ಎಫೆಕ್ಟ್ ಆನ್ ಮಾಡಿದೆ. ಪರದೆ ತಿರುಗಲಿಲ್ಲ. ಬದಲಿಗೆ ಎಲ್ಲ ಕಿಟಕಿಗಳ ತಲೆಪಟ್ಟಿ ಹಾರಿಹೋಯಿತು. ಹೆಸರಿಲ್ಲ, ಮುಚ್ಚುವ ಗುಂಡಿಯಿಲ್ಲ. ತೆರೆದದ್ದು ತೆರೆದ ಹಾಗೇ ಇತ್ತು. ಒಂದನ್ನು ಮುಚ್ಚಲು ಇನ್ನೊಂದು ತೆರೆಯುತ್ತ ಹನ್ನೊಂದು ಮುಂಡಗಳನ್ನು ರಾಶಿ ಹಾಕಿದೆ.

ಗ್ರಾಫಿಕ್ಸ್ ಡ್ರೈವರ್ ಬದಲಿಸಿದರೆ ಸರಿಹೋಗುತ್ತದೆ ಎಂದು ಇನ್ನೊಬ್ಬ ಪುಣ್ಯಾತ್ಮ ಬರೆದಿದ್ದ. ಬದಲಿಸಿದೆ. ಪರದೆ ಪೂರಾ ಬೆಳ್ಳಗಾಯಿತು. ಬೀರೂರಿನ ರಿಪೇರಿಯವನಿಗೆ ಫೋನ್ ಮಾಡಿದರೆ ಅವನು ತರೀಕೆರೆಯಲ್ಲಿ ಯಾವುದೋ ಮದುವೆಯ ಊಟಕ್ಕೆ ಕೂತಿದ್ದ. ವಾಲಗದ ಸದ್ದಿನ ನಡುವೆ ರೀಸ್ಟಾರ್ಟ್ ಮಾಡಿ ಸಾರ್ ಎಂದು ಅರಚಿ, ಹೋಳಿಗೆ ಬಂತು ಎಂದು ಇಟ್ಟುಬಿಟ್ಟ.

ರೀಸ್ಟಾರ್ಟ್ ಮಾಡಿದೆ. ತಿರುಗಿತು! ಆದರೆ ಪೆಟ್ಟಿಗೆಯಾಗಲಿಲ್ಲ. ಹೆಂಚಿನ ಮೇಲಿನ ರೊಟ್ಟಿಯ ಹಾಗೆ ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ಮಗುಚಿಕೊಂಡಿತು. ನನ್ನ ಕಂಪ್ಯೂಟರಿಗೆ ಇದ್ದದ್ದು ಎರಡೇ ಮುಖ, ಪೆಟ್ಟಿಗೆಗೆ ನಾಲ್ಕು ಬೇಕು ಎಂಬ ಜ್ಞಾನೋದಯವಾಗಲು ಇನ್ನೆರಡು ತಾಸು ಹಿಡಿಯಿತು. ಮಧ್ಯಾಹ್ನ ನಾಲ್ಕರ ಹೊತ್ತಿಗೆ ನಾಲ್ಕು ಮುಖದ ಪೆಟ್ಟಿಗೆ ಸಾಂಗವಾಗಿ ತಿರುಗಿತು. ತುಳುಕಾಟ ಬಂತು, ಬೆಂಕಿಯೂ ಬಂತು. ತಲೆಪಟ್ಟಿಯೊಂದು ಬರಲಿಲ್ಲ. ನಾನು ಹತ್ತು ಸಲ ತಿರುಗಿಸಿದ್ದನ್ನು ಗಿರಿಜೆ ಸಹನೆಯಿಂದ ನೋಡಿ, ಮುಚ್ಚುವ ಗುಂಡಿ ಎಲ್ಲಿ ಎಂದು ಕೇಳಿದಳು. ಏಳಿಗೆ ಕಂಡು ಕರುಬುವವರು ಇಂಥ ಕೊಂಕು ತೆಗೆಯುವುದು ಸಹಜ ಎಂದುಕೊಂಡೆ.

ಸೋಮವಾರ ಅಣ್ಣತಮ್ಮ ಬಂದರು. ನಮ್ಮಲ್ಲಿ ಪತ್ರ ಪ್ರಿಂಟಿಗೆ ಹೋಗುವ ಮೊದಲು ಎಲ್ಲರೆದುರು ಗಟ್ಟಿಯಾಗಿ ಓದಬೇಕು. ಚೆಕ್ಕುಬಂದಿ ಬಂದಾಗಲಂತೂ, ಅಂದರೆ ಜಮೀನಿನ ನಾಲ್ಕು ದಿಕ್ಕಿನ ಗಡಿಯ ವಿವರ ಬಂದಾಗ, ಕೆಮ್ಮು ಬಂದವನೂ ತಡೆದುಕೊಂಡು ಕೂರುತ್ತಾನೆ. ನಾನು ಮುಂದಾಲೋಚನೆಯಿಂದ ಅಣ್ಣನ ಪಾಲನ್ನು ಪೆಟ್ಟಿಗೆಯ ಒಂದು ಮುಖದಲ್ಲೂ ತಮ್ಮನ ಪಾಲನ್ನು ಪಕ್ಕದ ಮುಖದಲ್ಲೂ ಇಟ್ಟಿದ್ದೆ. ಸಿದ್ದಪ್ಪನ ಪಾಲು ಓದಿದೆ. "ಪೂರ್ವಕ್ಕೆ ಸರ್ಕಾರಿ ಹಳ್ಳ, ಪಶ್ಚಿಮಕ್ಕೆ ತಮ್ಮ ಕರಿಯಪ್ಪನ ಪಾಲು..." ಎಂದು ನಿಲ್ಲಿಸಿ, ಇಬ್ಬರ ಮುಖವನ್ನೂ ಒಮ್ಮೆ ನೋಡಿ, ಗತ್ತಿನಿಂದ ಗುಂಡಿ ಒತ್ತಿದೆ.

ಸಿದ್ದಪ್ಪನ ಹೊಲ ಎಡಕ್ಕೆ ಸರಿದು ಕಾಣೆಯಾಯಿತು. ಬಲದಿಂದ ಕರಿಯಪ್ಪನ ಹೊಲ ಬಂದು ಅದೇ ಜಾಗದಲ್ಲಿ ನಿಂತಿತು.

ಸಿದ್ದಪ್ಪ ನಿಧಾನವಾಗಿ ಎದ್ದ. "ರೈಟ್ರೇ, ನನ್ನ ಹೊಲ ಇದ್ದ ಜಾಗಕ್ಕೆ ಇವ್ನುದು ಬಂತಲ್ಲ."

ಇದು ಬರೀ ಎಫೆಕ್ಟ್ ಎಂದು ವಿವರಿಸುತ್ತ ವಾಪಸು ತಿರುಗಿಸಲು ಹೋದೆ. ಗಾಬರಿಯಲ್ಲಿ ಕೈ ತಪ್ಪಿ ಮುಂದಕ್ಕೇ ತಿರುಗಿತು. ಖಾಲಿ ಮುಖ ಬಂತು. ಈಗ ಇಬ್ಬರದೂ ಹೋಯಿತಲ್ಲ ಎಂದು ಕರಿಯಪ್ಪನೂ ಎದ್ದ. ಹೇಗೋ ಎರಡೂ ಪಾಲನ್ನು ಒಂದೇ ಮುಖಕ್ಕೆ ತಂದು ಪಕ್ಕಪಕ್ಕ ಇಡಲು ಎಳೆದೆ. ಎರಡೂ ಹೊಲ ತುಳುಕಾಡಿದವು.

"ನೋಡಣ್ಣ, ಗಡಿ ಅಳ್ಳಾಡ್ತೈತೆ," ಎಂದ ಕರಿಯಪ್ಪ. "ಕಲ್ಲು ನೆಟ್ಟ ಮ್ಯಾಲೆ ಬರ್ಸಾಣ ಅಂತ ನಾನು ಆವತ್ತೇ ಹೇಳ್ಲಿಲ್ವಾ."

ಅವರ ಕಣ್ಣಿಂದ ಅದನ್ನು ಮರೆ ಮಾಡಿದರೆ ಸಾಕೆನಿಸಿತು. ಮುಚ್ಚುವ ಗುಂಡಿ ಇಲ್ಲವಲ್ಲ, ನಿನ್ನೆ ಕಲಿತ ಹಾಗೆ ಕೀಬೋರ್ಡಿನಲ್ಲೇ ಮುಚ್ಚಿದೆ. ಸಿದ್ದಪ್ಪನ ಪಾಲಿಗೆ ಬೆಂಕಿ ಬಿತ್ತು. ಹಳ್ಳದಿಂದ ಹಿಡಿದು ಅವನ ನಾಲ್ಕು ಎಕರೆಯೂ ಕಣ್ಣೆದುರೇ ಧಗಧಗ ಉರಿದು ಬೂದಿಯಾಯಿತು. ಕರಿಯಪ್ಪನ ಪಾಲು ಪಕ್ಕದಲ್ಲಿ ತಣ್ಣಗೆ ತುಳುಕುತ್ತಿತ್ತು. ಆಮೇಲೆ ಕಂಪ್ಯೂಟರ್ ಹಾಗೆಯೇ ನಿಂತುಹೋಯಿತು.

ಮೂರು ವರ್ಷ ಒಂದು ಮಾತಿಗೆ ಬರದಿದ್ದ ಅಣ್ಣತಮ್ಮ ಮೂರೇ ಕ್ಷಣದಲ್ಲಿ ಒಮ್ಮತಕ್ಕೆ ಬಂದರು. ಇಲ್ಲಿ ಬೇಡ!

ಇಬ್ಬರೂ ನೇರವಾಗಿ ರುದ್ರೇಶನ ಅಂಗಡಿಗೆ ನಡೆದರು. ಮಾನ ಬಿಟ್ಟು ಹಿಂದೆಯೇ ಓಡಿದೆ. ಸಿದ್ದಪ್ಪ ಕೂರಲೂ ಇಲ್ಲ, ನಿಂತೇ ಕೇಳಿದ, "ನಿಮ್ದೂ ತಿರುಗ್ತೈತೆ ಅಲ್ವಾ?" ರುದ್ರೇಶ ತಲೆ ತಗ್ಗಿಸಿದ. ಅವರು ಮೆಟ್ಟಿಲಿಳಿದು ಹೊರಟೇಹೋದರು.

ರುದ್ರೇಶ ನನ್ನ ಕಡೆ ತಿರುಗಿದ. "ಅಣ್ಣಾ, ಅದನ್ನ ನಾನು ಹಾಕ್ಸಿದ್ದಲ್ಲ. ಆ ಬೀರೂರಿನೋನು ಹಾಕ್ಬಿಟ್ಟ. ಕೈ ತಾಗಿದ್ರೆ ತಿರುಗುತ್ತೆ, ನಿಲ್ಲಿಸಾಕೆ ಬರಲ್ಲ. ಎಲ್ರೂ ತಮಾಷೆ ನೋಡಾಕೆ ಬತ್ತಾರೆ, ಪತ್ರ ಬರ್ಸಾಕೆ ಒಬ್ರೂ ಕೂರಲ್ಲ. ನಿಮ್ಮನ್ನ ಕೇಳಾಕೆ ನಾಚ್ಕೆ ಆಯ್ತು. ನಿಮ್ದು ಸುಮ್ನೆ ನಿಂತಿರೋದು ನೋಡಿ ಆರು ತಿಂಗಳಿಂದ ಹೊಟ್ಟೆ ಉರ್ಕೊಂಡಿದೀನಿ."

ಅಷ್ಟರಲ್ಲಿ ತಾಲ್ಲೂಕು ಕಚೇರಿಯ ಕಡೆಯಿಂದ ಟಕಟಕ ಸದ್ದು ಬಂತು. ಅಲ್ಲಿನ ಹೊಂಗೆ ಮರದ ಕೆಳಗೆ ಹಳೆಯ ಟೈಪ್‌ರೈಟರ್ ಇಟ್ಟುಕೊಂಡ ಮುದುಕರೊಬ್ಬರು ಕೂರುತ್ತಿದ್ದರು. ಅವರು ಇನ್ನೂ ಇದ್ದಾರೆ ಎಂಬುದೇ ನಮಗೆ ಮರೆತುಹೋಗಿತ್ತು. ಅಣ್ಣತಮ್ಮ ಅವರೆದುರು ಕುಕ್ಕರುಗಾಲಲ್ಲಿ ಕೂತು, ಅಲ್ಲಾಡದ ಕಾಗದದ ಮೇಲೆ ಅಲ್ಲಾಡದ ಗಡಿ ಮೂಡುವುದನ್ನು ನೋಡುತ್ತಿದ್ದರು. ಹಿಂದೆ ಇನ್ನೂ ನಾಲ್ಕು ಜನ ಸರದಿ ನಿಂತಿದ್ದರು.

ಊಟಕ್ಕೂ ಹೋಗದೆ ಬೀರೂರಿನ ಬಸ್ಸು ಹತ್ತಿದೆ. ಸ್ಟೇಷನ್ ರಸ್ತೆಯ ಹಳೇ ಸಾಮಾನಿನ ಅಂಗಡಿಯಲ್ಲಿ, ಕನ್ನಡ ಟೈಪ್‌ರೈಟರ್ ಇದೆಯೇ ಎಂದು ಯಾರಿಗೂ ಕೇಳದ ಹಾಗೆ ವಿಚಾರಿಸಿದೆ. ಒಂದಿತ್ತಂತೆ. ಅರ್ಧ ಗಂಟೆ ಮುಂಚೆ ಅಜ್ಜಂಪುರದವರು ಯಾರೋ ಬೈಕಿನಲ್ಲಿ ಬಂದು ಕಟ್ಟಿಕೊಂಡು ಹೋದರಂತೆ. ಮೂರು ವರ್ಷ ನನ್ನ ಹತ್ತಿರ ಇದ್ದು ರುದ್ರೇಶ ಸರಿಯಾಗಿ ಕಲಿತದ್ದು ಹೊಟ್ಟೆಕಿಚ್ಚೊಂದನ್ನೇ. ಅದರಲ್ಲೂ ನನಗಿಂತ ಅರ್ಧ ಗಂಟೆ ಮುಂದಿದ್ದ.