ಟವೆಲಿನ ಕೆಳಗಿನ ವ್ಯಾಪಾರ

ನಮ್ಮ ಸೋದರಮಾವ ಈ ಜನ್ಮದಲ್ಲಿ ಯಾವುದಕ್ಕೂ ಹೇಳಿದ ಬೆಲೆ ಕೊಟ್ಟವರಲ್ಲ. ತಮ್ಮ ಮದುವೆಯ ಮುಹೂರ್ತವನ್ನೂ ಪುರೋಹಿತರ ಹತ್ತಿರ ಚೌಕಾಸಿ ಮಾಡಿ, ಬೆಳಗಿನ ಜಾವದಿಂದ ತಿಂಡಿಯಾದ ಮೇಲಕ್ಕೆ ತಳ್ಳಿಸಿದವರು! ಘಾಟಿಯ ದನದ ಜಾತ್ರೆಯಲ್ಲಿ ದಲ್ಲಾಳಿ. ಅಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೈಮೇಲೆ ಟವೆಲ್ ಹೊದಿಸಿ, ಕೆಳಗೆ ಎದುರಿನವನ ಬೆರಳು ಹಿಡಿದು ತಿಳಿಸುತ್ತಾರೆ; ಎಷ್ಟು ಬೆರಳು ಹಿಡಿದರೋ ಅಷ್ಟು ಲೆಕ್ಕ. ಸುತ್ತ ನಿಂತವರಿಗೆ ಟವೆಲ್ ಅಲುಗುವುದಷ್ಟೇ ಕಾಣುತ್ತದೆ. ಬಾಶೆಟ್ಟಿಹಳ್ಳಿಯಲ್ಲಿ ನಾನು ಕಟ್ಟಿಕೊಂಡಿರುವ ಗುಜರಿ ವ್ಯಾಪಾರದ ವಿದ್ಯೆಯೆಲ್ಲ ಆ ಟವೆಲಿನ ಕೆಳಗೇ ಕಲಿತದ್ದು.

ಇಂಥವರ ಹೃದಯದ ಕವಾಟ ಸೋರತೊಡಗಿತು. ವಯಸ್ಸು ನೋಡಿದ ಡಾಕ್ಟರು, ಎದೆ ತೆರೆಯುವುದು ಬೇಡ, ತೊಡೆಯ ರಕ್ತನಾಳದಿಂದ ಕೊಳವೆ ತೂರಿಸಿ ಕ್ಲಿಪ್ ಹಾಕೋಣ ಎಂದರು. ಅವರಾಗಿಯೇ ಹೇಳಿದ್ದು. ಮಾವ ಊರಿಗೆಲ್ಲ ಸಾರಿದ್ದೇ ಬೇರೆ: "ಎದೆ ಕೊಯ್ತೀನಿ ಅಂತಿದ್ದ ಕಣೋ. ತೊಡೆಗೆ ಇಳಿಸ್ಬಿಟ್ಟೆ."

ಕೆಲವೇ ತಿಂಗಳಲ್ಲಿ ಕ್ಲಿಪ್ಪು ಒಂದು ಕಡೆ ಹಿಡಿತ ಬಿಟ್ಟಿತು. ಮಲಗಿದರೆ ಉಸಿರಿಲ್ಲ, ಕೊಟ್ಟಿಗೆಯ ಕಂಬಕ್ಕೆ ಒರಗಿ ಕೂತೇ ನಿದ್ದೆ. ಎದೆ ತೆರೆದು ಕವಾಟವನ್ನೇ ಬದಲಿಸಬೇಕು, ಬಿಟ್ಟರೆ ಹೆಚ್ಚು ದಿನವಿಲ್ಲ, ಮಾಡಿದರೂ ಭರವಸೆ ಕಡಿಮೆ ಎಂದರು ಡಾಕ್ಟರು.

ಆಸ್ಪತ್ರೆಗೆ ಹೋಗುವವರಿಗೆ ನನ್ನದೊಂದು ಸಲಹೆ: ಚೌಕಾಸಿಗಾರರನ್ನು ಮನೆಯಲ್ಲೇ ಬಿಟ್ಟು ಹೋಗಿ. ಆದರೆ ರೋಗಿಯೇ ಚೌಕಾಸಿಗಾರನಾದರೆ ಯಾರನ್ನು ಬಿಡುವುದು? ಸರ್ಜನ್ ಬಂದಾಗ ಮಾವ ಮೊದಲು ಅವರ ನಡಿಗೆ ನೋಡಿದರು, ಆಮೇಲೆ ಹಲ್ಲು. ತೃಪ್ತಿಯಾದ ಮೇಲೆ ಅವರ ಕೈಮೇಲೆ ಟವೆಲ್ ಹಾಕಿದರು. "ಹತ್ತು ಜನಕ್ಕೆ ಮಾಡಿದ್ರೆ ಎಷ್ಟು ಜನ ಎದ್ದು ಬರ್ತಾರೆ? ಬಾಯಲ್ಲಿ ಬ್ಯಾಡಿ ಸಾರ್, ನಮ್ಮೋಳು ಇದ್ದಾಳೆ."

ಸರ್ಜನ್ ಒಮ್ಮೆ ಅತ್ತೆಯ ಮುಖ ನೋಡಿದರು. ಟವೆಲ್ ಅಲುಗಿತು.

ಆಪರೇಷನ್ ಕೋಣೆಯ ಬಾಗಿಲಲ್ಲಿ ಅತ್ತೆ ತಡೆಯಲಾರದೆ ಕೇಳಿಯೇಬಿಟ್ಟರು, ಡಾಕ್ಟ್ರು ಎಷ್ಟು ಅಂದ್ರು ಎಂದು.

"ಹತ್ತಕ್ಕೆ ಹತ್ತೂ ಕಣೆ," ಎಂದರು ಮಾವ. ಅದೇ ಹೊತ್ತಿಗೆ ಹೊದಿಕೆಯ ಕೆಳಗೆ ನನ್ನ ಕೈ ಹಿಡಿದರು. ನಾಲ್ಕೇ ಬೆರಳು.

ನಾನು ಅತ್ತೆಯ ಕಡೆ ನೋಡಿ ಹೌದೆಂದು ತಲೆಯಾಡಿಸಿದೆ. ಕೆಳಗೆ, ಗುರುವಿನ ಹತ್ತಿರವೇ ಚೌಕಾಸಿಗಿಳಿದು, ಹೆಬ್ಬೆರಳನ್ನೂ ಅವರ ಮುಷ್ಟಿಗೆ ತುರುಕಿದೆ. ಐದಾದರೂ ಆಗಲಿ. ಅವರು ಒಪ್ಪುವ ಮೊದಲೇ ಸ್ಟ್ರೆಚರ್ ಒಳಗೆ ಹೋಯಿತು.

ಮಾರನೆಯ ದಿನ ಐಸಿಯುನಲ್ಲಿ ಅವರ ಬಾಯಿಗೆ ಕೊಳವೆ, ಮುಚ್ಚಿದ ಕಣ್ಣು. ಉಸಿರು ಯಂತ್ರದ್ದು. ಇನ್ನೂ ಏನೂ ಹೇಳಲಾಗದು ಎಂದಿದ್ದರು. ಹೊದಿಕೆಯ ಕೆಳಗೆ ಕೈ ಇಟ್ಟು, "ಮಾವ" ಎಂದೆ. ಕೈ ತೆಗೆಯದೆ ಕಾದೆ. ಆಮೇಲೆ ಅವರ ಬೆರಳುಗಳು ನಿಧಾನವಾಗಿ ಅಲುಗಿ, ನನ್ನ ನಾಲ್ಕೂ ಬೆರಳು ಹಿಡಿದು, ಅವನ್ನೂ ದಾಟಿ, ಹೆಬ್ಬೆರಳನ್ನೂ ಹುಡುಕಿ ಹಿಡಿದವು.