ಅತ್ತೆಯ ಮೊಳೆ, ಅಳಿಯನ ಇಟ್ಟಿಗೆ

ತಮ್ಮ ಅತ್ತೆ ಮೊಳೆ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು ಎಂದು ಮುನ್ನೋಟದವರು ಹನ್ನೆರಡು ವರ್ಷ ನಂಬಿದ್ದರು. ನಂಬಿಕೆಗೆ ಆಧಾರವಿರಲಿಲ್ಲ ಎನ್ನುವಂತಿಲ್ಲ. ಮದುವೆಗೆ ಮುಂಚೆ ಅವರ ಹೆಂಡತಿಯೇ ಬಾಯಿಬಿಟ್ಟು, "ನಮ್ಮಮ್ಮ ಮೂವತ್ತೊಂದು ವರ್ಷ ಮೊಳೆ ಜೋಡಿಸಿದಾರೆ" ಎಂದಿದ್ದಳು. ಮೊಳೆಯನ್ನು ಹೊಡೆಯುತ್ತಾರೆ, ಕೀಳುತ್ತಾರೆ, ಕಾಲಿಗೆ ಚುಚ್ಚಿಸಿಕೊಳ್ಳುತ್ತಾರೆ. ಜೋಡಿಸುವುದೆಂದರೇನು ಎಂದು ಬೇರೆ ಯಾರಾದರೂ ಆಗಿದ್ದರೆ ಕೇಳುತ್ತಿದ್ದರು. ಮುನ್ನೋಟದವರು ಕೇಳಲಿಲ್ಲ. ಕೇಳುವುದು ಅವರ ಜಾಯಮಾನವಲ್ಲ, ಅವರದೇನಿದ್ದರೂ ಹೇಳುವುದು. ಮೊಳೆಗಳನ್ನು ತಲೆ ಒಂದು ಕಡೆ, ಮೂತಿ ಒಂದು ಕಡೆ ಬರುವಂತೆ ಡಬ್ಬಿಗಳಲ್ಲಿ ಸಾಲಾಗಿ ಇಡುತ್ತಿರುವ ಹೆಂಗಸಿನ ಚಿತ್ರವೊಂದನ್ನು ಮನಸ್ಸಿನಲ್ಲೇ ಬರೆದುಕೊಂಡು, ಅದಕ್ಕೆ ಚೌಕಟ್ಟನ್ನೂ ಹಾಕಿಸಿಬಿಟ್ಟರು.

ಆಮೇಲೆ ಅತ್ತೆ ಮಗಳ ಮನೆಗೇ ಬಂದು ನೆಲೆಸಿದರು. ಗೋಡೆಗೆ ಕ್ಯಾಲೆಂಡರ್ ಹಾಕಬೇಕೆಂದರೆ, ಗಡಿಯಾರ ತೂಗಬೇಕೆಂದರೆ, "ಅತ್ತೆ, ಇದು ನಿಮ್ಮ ಇಲಾಖೆ" ಎಂದು ಮುನ್ನೋಟದವರು ಸುತ್ತಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಗೌರವದಿಂದ ಒಪ್ಪಿಸುತ್ತಿದ್ದರು. ಅತ್ತೆ ಅಳಿಯನ ಮುಖವನ್ನೊಮ್ಮೆ, ಸುತ್ತಿಗೆಯನ್ನೊಮ್ಮೆ ನೋಡಿ, ಸ್ಟೂಲು ಹತ್ತುತ್ತಿದ್ದರು. (ಮೊಳೆ ಯಾವತ್ತೂ ನೆಟ್ಟಗೆ ಹೋಗುತ್ತಿರಲಿಲ್ಲ. ಮೂವತ್ತೊಂದು ವರ್ಷದ ಸರ್ವೀಸಿನಲ್ಲಿ ಕಲಿತದ್ದು ಇಷ್ಟೇನಾ ಎಂದು ಅಳಿಯನಿಗೆ ಒಳಗೊಳಗೇ ಬೇಸರ.)

ಮುನ್ನೋಟದವರು ಎನ್ನುವುದು ಬಿರುದು. ಹೊಟ್ಟೆಪಾಡಿಗೆ ಅವರು ಕಟ್ಟಡಗಳ ನಕ್ಷೆ ಮಂಜೂರು ಮಾಡುವ ಕಚೇರಿಯೊಂದರಲ್ಲಿ ಗುಮಾಸ್ತರು. ಮೆಟ್ಟಿಲು ಹತ್ತಿದವನು ನೇರ ಗೋಡೆಗೆ ಹಣೆ ಚಚ್ಚಿಕೊಳ್ಳುವಂಥ ನಕ್ಷೆ ಬರಲಿ, ಬಾಗಿಲೇ ಇಲ್ಲದ ಬಚ್ಚಲುಮನೆಯ ನಕ್ಷೆ ಬರಲಿ, ಅವರ ಷರಾ ಒಂದೇ: 'ನೋಡಲಾಗಿದೆ'. ಜನ ನಿಜವಾಗಿ ಬದುಕಬೇಕಾದ ಮನೆಗಳ ಒಂದೇ ಒಂದು ಇಟ್ಟಿಗೆಯ ಬಗ್ಗೆಯೂ ಅವರು ಇಪ್ಪತ್ತು ವರ್ಷದಲ್ಲಿ ಅಭಿಪ್ರಾಯ ಕೊಟ್ಟವರಲ್ಲ. ಹಾಗೆ ಉಳಿತಾಯವಾದ ಅಭಿಪ್ರಾಯಗಳನ್ನೆಲ್ಲ ಮನೆಗೆ ಹೊತ್ತು ತಂದು ಪ್ಲಾಸ್ಟಿಕ್ ಇಟ್ಟಿಗೆಗಳ ಮೇಲೆ ಸುರಿಯುತ್ತಿದ್ದರು.

ಒಂದರ ತಲೆಯ ಗುಬಟುಗಳು ಇನ್ನೊಂದರ ಹೊಟ್ಟೆಗೆ ಟಕ್ಕೆಂದು ಕಚ್ಚಿಕೊಳ್ಳುತ್ತವಲ್ಲ, ಆ ಆಟದ ಇಟ್ಟಿಗೆಗಳು. ಪೆಟ್ಟಿಗೆಯಲ್ಲಿರುವುದನ್ನು ಚಿತ್ರ ನೋಡಿಕೊಂಡು ಜೋಡಿಸಿದರೆ ಕೋಟೆಯೋ ರೈಲೋ ಆಗುತ್ತದೆ. ಅಂಥ ಒಂದು ಪೆಟ್ಟಿಗೆಗೆ ಸೆಟ್ ಎಂದು ಹೆಸರು. ಮಕ್ಕಳಿಗೆಂದು ಹುಟ್ಟಿ, ತಲೆ ನರೆತವರ ಕೈಗೆ ಸಿಕ್ಕಿಹಾಕಿಕೊಂಡ ಆಟ ಅದು. ಇಂಥ ಇನ್ನೂರು ಚಿಲ್ಲರೆ ನರೆತ ತಲೆಗಳು ಫೋನಿನಲ್ಲಿ 'ಇಟ್ಟಿಗೆ ಬಳಗ' ಕಟ್ಟಿಕೊಂಡಿದ್ದವು. ಆ ಬಳಗಕ್ಕೆ ಮುನ್ನೋಟದವರು ವಾರಕ್ಕೊಮ್ಮೆ 'ಬರಲಿರುವ ಇಟ್ಟಿಗೆಗಳು' ಎಂಬ ಅಂಕಣ ಬರೆಯುತ್ತಿದ್ದರು. ಬರಲಿರುವುದರ ಬಗ್ಗೆ ಮಾತ್ರ, ಬಿರುದು ಬಂದದ್ದೂ ಅದರಿಂದಲೇ. ಅಂಗಡಿಗೆ ಬಂದ ಸೆಟ್ಟಿನ ಬಗ್ಗೆ ಯಾರಾದರೂ ಕೇಳಿದರೆ, "ಬಂದಾಯ್ತಲ್ಲ, ಇನ್ನು ಅದರಲ್ಲಿ ನೋಡೋಕೇನಿದೆ?" ಎನ್ನುತ್ತಿದ್ದರು. ಸ್ವಂತಕ್ಕೆ ಕೊಂಡ ಸೆಟ್ಟುಗಳು ಒಂದು ಕೋಣೆಯ ಛಾವಣಿ ಮುಟ್ಟಿದ್ದವು, ಒಂದರ ಸೀಲೂ ಒಡೆದಿರಲಿಲ್ಲ. ಅವರು ಆಯುಷ್ಯದಲ್ಲಿ ಒಂದು ಗೋಡೆಯನ್ನೂ ಜೋಡಿಸಿದವರಲ್ಲ ಎಂಬುದು ಬಳಗಕ್ಕೆ ತಿಳಿಯದು.

ಹೊಸ ಹಂಗಾಮಿನ ಸೆಟ್ಟುಗಳ ಮಸುಕು ಮಸುಕಾದ ಫೋಟೋಗಳು ಎಲ್ಲಿಂದಲೋ ಸೋರಿ ಬಂದ ವಾರ ಅವರ ಲೇಖನಿ ಬೆಂಕಿಯುಗುಳಿತು.

'ದೀಪಸ್ತಂಭ: ಕಾವಲುಗಾರನಿಗೆ ಮಂಚವಿದೆ, ಶೌಚಾಲಯವಿಲ್ಲ. ಸುತ್ತ ಸಮುದ್ರವಿದೆಯಲ್ಲ ಎಂದು ಸಂಸ್ಥೆ ಭಾವಿಸಿದಂತಿದೆ. ಖಂಡನೀಯ. ಅಗ್ನಿಶಾಮಕ ಠಾಣೆ: ಇದು ಇವರು ತರುತ್ತಿರುವ ಹದಿನೇಳನೆಯ ಠಾಣೆ. ಇಷ್ಟೊಂದು ಠಾಣೆಗಳಿರುವ ಊರಿನಲ್ಲಿ ಬೆಂಕಿ ಹಚ್ಚುತ್ತಿರುವವರು ಯಾರೆಂದು ಮೊದಲು ತನಿಖೆಯಾಗಲಿ. ಹೂವಿನ ಕುಂಡ: ನೀರು ಹಾಕಬೇಕಿಲ್ಲ, ಒಪ್ಪಿದೆ, ಧೂಳು ಒರೆಸುವವರು ಯಾರು?' (ಕೊನೆಯ ಸಾಲು ಹೆಂಡತಿಯದು. ಆಕೆ ಅದನ್ನು ಹೇಳಿದ್ದು ಅಂಕಣಕ್ಕಾಗಿ ಅಲ್ಲ.)

ಬ್ರಹ್ಮಾಸ್ತ್ರ ಬಿದ್ದದ್ದು ನಾಲ್ಕನೆಯದರ ಮೇಲೆ. ಅದರ ಹೆಸರು 'ಹಳೆಯ ಮುದ್ರಣಾಲಯ'.

'ಓರೆ ಮೇಜು, ಮೇಜಿನ ತುಂಬ ಗೂಡುಗಳು. ಒಂದು ದೊಡ್ಡದು, ಒಂದು ಚಿಕ್ಕದು. ತರಕಾರಿ ಅಂಗಡಿಗೆಂದು ಮಾಡಿ ಮಿಕ್ಕಿದ್ದನ್ನು ಇಲ್ಲಿ ತುರುಕಿದ್ದಾರೆ. ಇಡೀ ಸೆಟ್ಟಿನಲ್ಲಿ ಮೆಚ್ಚಬಹುದಾದದ್ದು ಕೆಲಸಗಾರ್ತಿ ಕೂತಿರುವ ಕುರ್ಚಿಯೊಂದೇ. ಅದೂ ಹೋಗಲಿ. ಒಂದು ಇಟ್ಟಿಗೆಯ ಮೇಲೆ ಉಬ್ಬಿಸಿರುವ "ಸುದ್ದಿ" ಎಂಬ ಎರಡಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಕೊಂಡಿದೆ! ಅಚ್ಚಿನ ಮನೆಯಲ್ಲೇ ಅಚ್ಚಿನ ತಪ್ಪು! ಬಿಡುಗಡೆಗೆ ಮುನ್ನವೇ ಸಂಸ್ಥೆ ಈ ಸೆಟ್ಟನ್ನು ಹಿಂಪಡೆಯತಕ್ಕದ್ದು.'

ಬಳಗ ಧಗಧಗ ಉರಿಯಿತು. 'ಹಿಂಪಡೆಯಲಿ' ಎಂದು ಎಂಬತ್ತು ಜನ ಬರೆದರು. ಎದುರು ನಿಂತವರು ಹಲ್ಲಿನ ಡಾಕ್ಟರು ಒಬ್ಬರೇ. ಬಳಗದಲ್ಲಿ ಪೆಟ್ಟಿಗೆ ಒಡೆದು ಜೋಡಿಸುವ ಕೆಟ್ಟ ಚಾಳಿ ಇದ್ದದ್ದೂ ಅವರಿಗೊಬ್ಬರಿಗೇ. "ಬಾಯಿ ತೆರೆಸಿ ನೋಡದೆ ನಾನು ಹಲ್ಲು ಕೀಳಲ್ಲ ಸ್ವಾಮಿ. ನೀವು ಫೋಟೋ ನೋಡಿ ಕೀಳ್ತಿದೀರಿ" ಎಂದು ಅವರು ಚುಚ್ಚಿದರು.

ಮಾತು ಸೆಟ್ಟುಗಳ ವಿತರಕರ ಕಿವಿಗೂ ಬಿತ್ತು. ವಾರದೊಳಗೆ ಒಂದು ಬಿಳಿ ಪೆಟ್ಟಿಗೆ, ಜೊತೆಗೊಂದು ವಿನಯಪೂರ್ವಕ ಪತ್ರ: 'ಮಾದರಿ ಕಳಿಸಿದ್ದೇವೆ. ಜೋಡಿಸಿ, ಬಳಗದ ಸಮಕ್ಷಮ ದೋಷ ತೋರಿಸಿಕೊಡಿ. ದೋಷವಿದ್ದರೆ ಸಲಹೆಗಾರರೆಂದು ತಮ್ಮ ಹೆಸರನ್ನು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿಸುತ್ತೇವೆ. ಮಾದರಿಯನ್ನು ದಯವಿಟ್ಟು ಹಿಂದಿರುಗಿಸಿ.'

ಪತ್ರದ ಫೋಟೋ ಬಳಗಕ್ಕೆ ಹೋಯಿತು. "ದೋಷ ಇಲ್ಲದಿದ್ರೆ?" ಎಂದರು ಡಾಕ್ಟರು.

"ಇಲ್ಲದಿದ್ರೆ ಅವತ್ತಿಗೇ ಅಂಕಣ ಬಿಟ್ಟೆ!" ಎಂದುಬಿಟ್ಟರು ಮುನ್ನೋಟದವರು. ಭಾನುವಾರ ನಾಲ್ಕು ಗಂಟೆಗೆ ಅವರ ಮನೆಯ ಹಜಾರದಲ್ಲೇ ಸಭೆ ಎಂದು ನಿಶ್ಚಯವಾಯಿತು.

ಶನಿವಾರ ಬೆಳಗ್ಗೆ ಮುನ್ನೋಟದವರು ಊಟದ ಮೇಜಿನ ಮೇಲೆ ಪೆಟ್ಟಿಗೆ ಬಿಚ್ಚಿದರು. ಸಾವಿರ ಚೂರುಗಳು ಸುರಿದವು. ಜೊತೆಗಿದ್ದ ಕೈಪಿಡಿಯನ್ನು ತಿರುವಿಹಾಕಿದರು. ಒಂದಕ್ಷರವಿಲ್ಲ, ಬರೀ ಚಿತ್ರ, ಬರೀ ಬಾಣದ ಗುರುತು. ಅಕ್ಷರವಿದ್ದಿದ್ದರೆ ಖಂಡಿಸಬಹುದಿತ್ತು. ಚಿತ್ರವನ್ನು ಏನು ಮಾಡುವುದು? ಎರಡು ಗಂಟೆ ಬೆವರಿಳಿಸಿದ ಮೇಲೆ ನಾಲ್ಕನೇ ಪುಟದ ಗೋಡೆ ಎದ್ದಿತು. ಅದು ಗಾಳಿಗೆ ಬಾಗಿದ ಬಾಳೆಗಿಡದ ಹಾಗೆ ನಿಂತಿತ್ತು.

ಕಣ್ಣಿನ ಆಸ್ಪತ್ರೆಯಲ್ಲಿ ನರ್ಸಾಗಿದ್ದ ಹೆಂಡತಿ ಡ್ಯೂಟಿಗೆ ಹೊರಟವಳು ಬಾಗಿಲಲ್ಲಿ ನಿಂತಳು.

"ರೀ, ಈ ಗೋಡೆಗೆ ಏನಾಗಿದೆ, ತಲೆಸುತ್ತಾ?"

"ಇಟ್ಟಿಗೆಯ ಗುಣಮಟ್ಟ ಸರಿಯಿಲ್ಲ ಕಣೇ."

"ಸಾವಿರ ಇಟ್ಟಿಗೆದೂ ಸರಿಯಿಲ್ವೋ, ಹತ್ತು ಬೆರಳಿಂದೂ ಸರಿಯಿಲ್ವೋ? ಅಮ್ಮನ್ನ ಕೇಳಿ. ಮೊಳೆ ಜೋಡಿಸಿದ ಕೈ ಅದು."

"ಇದು ಹಾರ್ಡ್‌ವೇರ್ ಕೆಲಸ ಅಲ್ಲ..." ಎಂದು ಅವರು ಶುರುಮಾಡುವಷ್ಟರಲ್ಲಿ ಆಕೆ ಬಸ್ಸಿಗೆ ಓಡಿದ್ದಳು. (ಗಂಡನ ಅರ್ಧ ಮಾತಿಗೆ ಮನೆ ಬಿಡುವುದು ಆಕೆಯ ಆರೋಗ್ಯದ ಗುಟ್ಟು. ಅಂಕಣವನ್ನಂತೂ ಓದುತ್ತಲೇ ಇರಲಿಲ್ಲ.)

ಅತ್ತೆ ಕರೆಯುವವರೆಗೆ ಕಾಯಲಿಲ್ಲ. ಅಡುಗೆಮನೆಯಿಂದ ಮೊಟ್ಟೆಯ ಖಾಲಿ ಟ್ರೇಗಳನ್ನು ತಂದು ಮೇಜಿನ ಮೇಲೆ ಹರಡಿದರು. ಚೂರುಗಳನ್ನು ಬಣ್ಣಕ್ಕೊಂದು, ಅಳತೆಗೊಂದು ಗುಳಿಗೆ ಹಾಕತೊಡಗಿದರು. ಮತ್ತೆ ಮತ್ತೆ ಬೇಕಾಗುವುದು ಎದೆಯ ಹತ್ತಿರ, ಅಪರೂಪಕ್ಕೆ ಬೇಕಾಗುವುದು ದೂರ. ಆಮೇಲೆ ಕುರ್ಚಿಯನ್ನು ಕಾಲಿನಿಂದ ಹಿಂದಕ್ಕೆ ತಳ್ಳಿ, ಎದ್ದು ನಿಂತರು. ಕಣ್ಣು ಕೈಪಿಡಿಯ ಮೇಲೆ, ಕೈ ಟ್ರೇಯ ಮೇಲೆ. ಬಲಗೈ ಎತ್ತಿಕೊಟ್ಟದ್ದನ್ನು ಎಡಗೈ ಹಿಡಿದು ಕೂರಿಸುತ್ತಿತ್ತು. ಟಕ್ ಟಕ್ ಟಕ್. ಮಧ್ಯಾಹ್ನದ ಊಟದ ಹೊತ್ತಿಗೆ ಮುದ್ರಣಾಲಯಕ್ಕೆ ಛಾವಣಿ ಬಿತ್ತು.

ಮುನ್ನೋಟದವರು ಸೋಫಾದಲ್ಲಿ ಕೂತು ನಾಳೆಯ ಭಾಷಣ ಬರೆಯುತ್ತಿದ್ದರು.

"ಅಳಿಯಂದ್ರೇ, ಈ 'ಸುದ್ದಿ' ಅನ್ನೋ ಇಟ್ಟಿಗೆ ವಿಷಯ ಒಂದು ಮಾತು..."

"ನೋಡಿದ್ರಾ ಅತ್ತೆ? ನಿಮಗೂ ಗೊತ್ತಾಯ್ತಲ್ಲ, ತಿರುಗಿಕೊಂಡಿದೆ! ಸಾಮಾನ್ಯ ಜನರ ಕಣ್ಣಿಗೂ ಬೀಳೋ ತಪ್ಪು. ಇದನ್ನ ಭಾಷಣಕ್ಕೆ ಸೇರಿಸ್ತೀನಿ, ತಾಳಿ."

"ತಿರುಗಿರೋದು ಸರಿ, ಆದ್ರೆ ಅದು..."

"ಸರೀನೇ! ಆಮೇಲೆ ಮಾತಾಡೋಣ ಅತ್ತೆ. ಈಗ ಓಘ ತಪ್ಪುತ್ತೆ."

ಅತ್ತೆ ಖಾಲಿ ಟ್ರೇಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದರು.

ಭಾನುವಾರ ಹಜಾರ ತುಂಬಿತು. ಸೋಫಾ ಸಾಲದೆ ಕೆಲವರು ಸೀಲು ಒಡೆಯದ ಪೆಟ್ಟಿಗೆಗಳ ಮೇಲೇ ಕೂತರು. ಒಂದೊಂದು ಕರಕ್ ಸದ್ದಿಗೂ ಮುನ್ನೋಟದವರ ಎದೆ ಹಾರಿತು. ಹೆಂಡತಿ ಚಹಾ ಕೊಟ್ಟಳು. ವಿತರಕರ ಕಡೆಯ ಒಬ್ಬರು ಡೈರಿ ಬಿಚ್ಚಿದರು. ಡಾಕ್ಟರು ಮುಂದಿನ ಸಾಲಿನಲ್ಲಿ ಮುಂದಿನ ಹಲ್ಲಿನಂತೆ ನಿಂತಿದ್ದರು.

"ಮಹನೀಯರೇ!" ಮುನ್ನೋಟದವರ ಭಾಷಣ ಗಗನಕ್ಕೇರಿತು. ತರಕಾರಿ ಅಂಗಡಿ ಬಂತು, ಸಂಸ್ಥೆಯ ಕಲ್ಪನಾ ದಾರಿದ್ರ್ಯ ಬಂತು, ಮುಂದಿನ ಪೀಳಿಗೆ ಅಕ್ಷರವನ್ನು ತಿರುಗಿಸಿ ಕಲಿಯುವ ಮಹಾ ವಿಪತ್ತು ಬಂತು. ಕೊನೆಗೆ 'ಸುದ್ದಿ' ಇಟ್ಟಿಗೆಯನ್ನು ಕಿತ್ತು ಎತ್ತಿ ಹಿಡಿದರು. ಇಟ್ಟಿಗೆ ಕೈಯಿಂದ ಕೈಗೆ ದಾಟಿತು. ತಿರುಗಿರುವುದು ನಿಜವೇ. ಡಾಕ್ಟರು ಕನ್ನಡಕ ತೆಗೆದು ನೋಡಿದರು, ಹಾಕಿ ನೋಡಿದರು. "ತಿರುಗಿರೋದೇನೋ ಹೌದು..." ಎಂದು ಅವರ ದನಿ ಇಳಿಯಿತು. ವಿತರಕರ ಕಡೆಯವರು ಪೆನ್ನಿನ ಮುಚ್ಚಳ ತೆಗೆದು, "ಹೆಸರು ಪೂರ್ತಿ ಹಾಕಿಸೋದೋ, ಇನಿಷಿಯಲ್ಲು ಸಾಕೋ?" ಎಂದರು.

ಇಟ್ಟಿಗೆ ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿದ್ದ ಅತ್ತೆಯ ಕೈಗೆ ಬಂದಿತ್ತು.

"ಇಂಕ್ ಪ್ಯಾಡ್ ಇದ್ರೆ ತಾರಮ್ಮ" ಎಂದರು ಅವರು ಮಗಳಿಗೆ.

ಮಗಳು ಗಂಡನ ಆಫೀಸಿನ ಚೀಲದಿಂದಲೇ ಪ್ಯಾಡು ತೆಗೆದುಕೊಟ್ಟಳು. ಅತ್ತೆ ಇಟ್ಟಿಗೆಯ ಮುಖವನ್ನು ಪ್ಯಾಡಿಗೆ ಒತ್ತಿ, ಮುನ್ನೋಟದವರ ಭಾಷಣದ ಹಾಳೆಯ ಅಂಚಿನಲ್ಲಿ ಒತ್ತಿದರು. 'ಸುದ್ದಿ' ಎಂದು ಮುತ್ತಿನಂತೆ, ನೆಟ್ಟಗೆ, ಸುಸ್ಪಷ್ಟವಾಗಿ ಮೂಡಿತು.

"ಅಚ್ಚುಮೊಳೆ, ಅಂದ್ರೆ ಅಚ್ಚು ಹಾಕೋ ಸೀಸದ ಅಕ್ಷರ, ತಿರುಗೇ ಇರಬೇಕು. ಮೊಳೆಯಲ್ಲಿ ನೆಟ್ಟಗಿದ್ರೆ ಕಾಗದದಲ್ಲಿ ತಿರುಗುತ್ತೆ" ಎಂದರು. "ಆ ಗೂಡು ತರಕಾರಿಗಲ್ಲ, ಮೊಳೆಗೆ. ಹೆಚ್ಚು ಬಳಸೋ ಅಕ್ಷರಕ್ಕೆ ದೊಡ್ಡ ಗೂಡು, ಕಮ್ಮಿ ಬಳಸೋದಕ್ಕೆ ಚಿಕ್ಕದು. ಪಾಪ, ಮಾಡಿದವರು ಎಲ್ಲೋ ನೋಡಿ, ಕೇಳಿ ಮಾಡಿದಾರೆ. ತಪ್ಪಿರೋದು ಒಂದೇ. ಆ ಕುರ್ಚಿ ತೆಗೀರಿ. ನಾವೆಲ್ಲ ನಿಂತೇ ಜೋಡಿಸ್ತಿದ್ದಿದ್ದು."



"ಅಮ್ಮ, ನೀವು...?" ಎಂದರು ಡಾಕ್ಟರು.

"ಪ್ರೆಸ್ಸಲ್ಲಿದ್ದೆ ಕಣಪ್ಪ. ಮೂವತ್ತೊಂದು ವರ್ಷ ಮೊಳೆ ಜೋಡಿಸಿದೀನಿ."

ಮುನ್ನೋಟದವರ ಮನಸ್ಸಿನಲ್ಲಿ ಹನ್ನೆರಡು ವರ್ಷದಿಂದ ತೂಗಿದ್ದ ಚಿತ್ರ ಚೌಕಟ್ಟು ಸಮೇತ ಕೆಳಗೆ ಬಿತ್ತು. ಗೋಡೆಗೆ ಸೊಟ್ಟಗೆ ಹೋದ ಅಷ್ಟೂ ಮೊಳೆಗಳು ಒಟ್ಟಿಗೆ ಬಂದು ಅವರನ್ನು ಚುಚ್ಚಿದವು.

"ಅಲ್ಲ, ಈ ತಿರುಗೋ ವಿಷಯ... ಇದು ಬಹಳ ತಾಂತ್ರಿಕ... ಎಲ್ಲರಿಗೂ ತಿಳಿಯುವಂಥದ್ದಲ್ಲ..." ಎಂದು ತೊದಲಿದರು.

ಹೆಂಡತಿ ಅದೇ ಚೀಲದಿಂದ ಅವರ 'ನೋಡಲಾಗಿದೆ' ಎಂಬ ರಬ್ಬರ್ ಸೀಲನ್ನು ತೆಗೆದು, ತಿರುಗಿದ ಅಕ್ಷರಗಳಿದ್ದ ಮುಖವನ್ನು ಮೇಲೆ ಮಾಡಿ ಅವರ ಅಂಗೈಯಲ್ಲಿಟ್ಟಳು. "ದಿನಕ್ಕೆ ನಲವತ್ತು ಸಲ ಹೊಡೀತೀರಲ್ಲ, ಇದರ ಮುಖ ಯಾವತ್ತಾದ್ರೂ ನೋಡಿದ್ರಾ? ನಮ್ಮ ಆಸ್ಪತ್ರೆಗೆ ಇಂಥವರು ಬರ್ತಾನೇ ಇರ್ತಾರೆ. ಬಹಳ ದೂರದ್ದು ಚೆನ್ನಾಗಿ ಕಾಣುತ್ತೆ, ಕೈಯಲ್ಲಿರೋದು ಕಾಣಲ್ಲ."

ಸಭೆ ಬಿದ್ದು ಬಿದ್ದು ನಕ್ಕಿತು. ಸೀಲು ಒಡೆಯದ ಪೆಟ್ಟಿಗೆಗಳಲ್ಲಿ ಎರಡು ಆ ನಗುವಿಗೇ ಒಡೆದವು.

ಮಾತಿನಂತೆ ಅಂಕಣ ಕೈಬಿಟ್ಟಿತು. ಡಾಕ್ಟರಿಗಾದರೂ ಹೋಗಿದ್ದರೆ ಸೋತವನಿಗೆ ದ್ವೇಷಿಸಲು ಒಬ್ಬ ಇರುತ್ತಿದ್ದ, ಅದೂ ತಪ್ಪಿತು. "ನನಗೂ ಗೊತ್ತಿರಲಿಲ್ಲ ಬಿಡಿ. ಅಂಕಣ ಅಮ್ಮ ಬರೀಲಿ" ಎಂದರು ಆ ಮನುಷ್ಯ. ಬಳಗ ಚಪ್ಪಾಳೆ ತಟ್ಟಿತು. ವಿತರಕರ ಕಡೆಯವರು ಡೈರಿಯಲ್ಲಿ 'ಕುರ್ಚಿ ತೆಗೆಯುವುದು' ಎಂದು ಬರೆದುಕೊಂಡು, ಪೆಟ್ಟಿಗೆಯ ಮೇಲೆ ಹಾಕಿಸಲು ಅತ್ತೆಯ ಪೂರ್ತಿ ಹೆಸರು ಕೇಳಿದರು.

"ಅಮ್ಮಾ, ಹಾಗಾದ್ರೆ ಈಗಲೇ ಶುರುವಾಗಲಿ" ಎಂದ ಒಬ್ಬ ಉತ್ಸಾಹಿ. "ಬರೋ ವರ್ಷ ಬಾಹ್ಯಾಕಾಶ ನಿಲ್ದಾಣದ ಸೆಟ್ ಬರುತ್ತಂತೆ. ಅದರ ಬಗ್ಗೆ ನಿಮ್ಮ ಅಭಿಪ್ರಾಯ?"

"ಬಂದಿದೆಯೇನಪ್ಪ?"

"ಇಲ್ಲ, ಬರುತ್ತೆ."

"ಬರಲಿ. ಜೋಡಿಸಿ ನೋಡಿ ಹೇಳ್ತೀನಿ."

ಬಳಗ ಒಬ್ಬರ ಮುಖ ಒಬ್ಬರು ನೋಡಿಕೊಂಡಿತು. ಹೀಗೊಂದು ವಿಮರ್ಶಾ ಪದ್ಧತಿ ಇರಬಹುದೆಂದು ಅವರಲ್ಲಿ ಯಾರೂ ಊಹಿಸಿರಲಿಲ್ಲ.

ಸಂಜೆ ಎಲ್ಲರೂ ಹೊರಟ ಮೇಲೆ ಅತ್ತೆ ಮಾದರಿಯನ್ನು ಹಿಂದಿರುಗಿಸಬೇಕಲ್ಲ ಎಂದು ಮುದ್ರಣಾಲಯವನ್ನು ಕಳಚುತ್ತ ಕೂತರು. ಮುನ್ನೋಟದವರು (ಇನ್ನು ಮೇಲೆ ಹಾಗೆ ಕರೆಯುವುದು ತಪ್ಪು, ಆದರೆ ಬೇರೆ ಬಿರುದು ಇನ್ನೂ ಬಂದಿಲ್ಲ) ಎದುರಿಗೆ ಕೂತು ಫೋನಿನಲ್ಲಿ ತಮ್ಮ ನೂರಾ ನಲವತ್ತು ಅಂಕಣಗಳನ್ನು ಮೇಲಿಂದ ಕೆಳಗೆ ಸವರುತ್ತಿದ್ದರು. ಕಣ್ಣು ಮಂಜಾಯಿತು. ಹೆಸರು ಹೋದರೇನು, ಬರೆದದ್ದಾದರೂ ನಿಲ್ಲಬೇಡವೇ? ಮೂವತ್ತೊಂದು ವರ್ಷ ಅಚ್ಚಿನ ಮನೆಯಲ್ಲಿದ್ದ ಹೆಂಗಸು ಎದುರಿಗೇ ಇದ್ದಾರೆ. ಈ ಹನ್ನೆರಡು ವರ್ಷದಲ್ಲಿ ಮೊದಲ ಬಾರಿಗೆ ಅವರು ಅತ್ತೆಯನ್ನು ಒಂದು ಪ್ರಶ್ನೆ ಕೇಳಿದರು.

"ಅತ್ತೆ, ನಿಮ್ಮ ಪ್ರೆಸ್ಸಲ್ಲೂ ಇಂಥ ಅಂಕಣಗಳು ಬರ್ತಿದ್ವು ಅಲ್ವಾ? ದೊಡ್ಡ ದೊಡ್ಡವರ ಅಭಿಪ್ರಾಯ, ಖಂಡನೆ, ಎಚ್ಚರಿಕೆ... ಅದನ್ನೆಲ್ಲ ನೀವೇ ಕೈಯಾರೆ ಜೋಡಿಸಿದೀರಿ. ಅವೆಲ್ಲ ಆಮೇಲೆ ಏನಾದವು?"

ಅತ್ತೆ ಕೈಕೆಲಸ ನಿಲ್ಲಿಸದೆ ಹೇಳಿದರು:

"ಏನಾಗ್ತವೆ? ಅಚ್ಚಾದ ಮೇಲೆ ಬಿಚ್ಚಿ ಗೂಡಿಗೆ ಹಾಕ್ತಿದ್ವಿ. ಮಾರನೇ ದಿನ ಅದೇ ಮೊಳೆಯಲ್ಲಿ ತಿಗಣೆ ಔಷಧಿ ಜಾಹೀರಾತು."